ಕೀ ಆನ್ಸರ್ ಇಲ್ಲದ ಕಾಯುವಿಕೆ

ನವೆಂಬರ್ ಎರಡನೇ ವಾರದಿಂದ ನನ್ನ ಮಗಳ ಲ್ಯಾಪ್‌ಟಾಪಿನಲ್ಲಿ ಒಂದೇ ವಾಕ್ಯ ನಿಂತಿದೆ. ಇಂಗ್ಲಿಷಿನಲ್ಲಿರುವ ಅದನ್ನು ಕನ್ನಡಕ್ಕೆ ತಂದರೆ 'ನಿಮ್ಮ ಅರ್ಜಿಯನ್ನು ಪರಿಶೀಲಿಸಲಾಗುತ್ತಿದೆ' ಎಂದಾಗುತ್ತದೆ. ಈಗ ಏಪ್ರಿಲ್. ಮಿಶಿಗನ್ನಿನ ನಮ್ಮ ಮನೆಯ ಮುಂದೆ ಹಿಮ ಬಿದ್ದು, ಕಪ್ಪಾಗಿ, ಕರಗಿ, ಕೆಳಗಿನ ಹುಲ್ಲು ಮತ್ತೆ ಕಾಣುತ್ತಿದೆ. ವಾಕ್ಯದಲ್ಲಿ ಮಾತ್ರ ಒಂದು ಚುಕ್ಕಿಯೂ ಬದಲಾಗಿಲ್ಲ.

ಈ ದೇಶಕ್ಕೆ ಬರುವ ಮುಂಚೆ ನಾನು ಶಿವಮೊಗ್ಗದಲ್ಲಿ ಕೆಲವು ವರ್ಷ ಕನ್ನಡ ಪಾಠ ಮಾಡಿದವಳು. ವಾಕ್ಯವೊಂದು ಕೈಗೆ ಸಿಕ್ಕರೆ ಅದರ ಕರ್ತೃ ಯಾರು, ಕ್ರಿಯಾಪದ ಎಲ್ಲಿದೆ ಎಂದು ಹುಡುಕದೆ ಬಿಡುವ ಅಭ್ಯಾಸವಿಲ್ಲ. ಮೆಡಿಕಲ್ ಕಾಲೇಜಿನ ಸಂದರ್ಶನ ಮುಗಿಸಿ ಬಂದ ಮಗಳ ಜೊತೆ ಈ ಚಳಿಗಾಲವಿಡೀ ಕೂತು ಇಂಥ ವಾಕ್ಯಗಳನ್ನೇ ಓದಿದ್ದೇನೆ. ಹೀಗೆ ಕಾಯುವುದರ ಬಗ್ಗೆ ಸಾಹಿತ್ಯ ಏನಾದರೂ ಹೇಳಿದೆಯೇ ಎಂದು ನನ್ನ ಕಪಾಟಿನಲ್ಲೂ ಹುಡುಕಿದೆ. ಆ ಓದಿನ ವರದಿ ಇದು. ಕೊನೆಗೆ ನನ್ನದೇ ಒಂದು ವಾಕ್ಯದ ಮೇಲೆ ಬಂದು ನಿಲ್ಲುತ್ತದೆಂದು ಓದಲು ಶುರುಮಾಡಿದಾಗ ಗೊತ್ತಿರಲಿಲ್ಲ.

ಇಲ್ಲಿನ ಕ್ರಮ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಅಮೆರಿಕದಲ್ಲಿ ಪದವಿ ಮುಗಿಸುವ ಹೊತ್ತಿಗೋ ಮುಗಿಸಿದ ಮೇಲೋ ವೈದ್ಯಕೀಯಕ್ಕೆ ಅರ್ಜಿ ಹಾಕಬೇಕು. ಬೇಸಿಗೆಯ ಆರಂಭದಲ್ಲಿ ಅರ್ಜಿ, ಅದರ ಬೆನ್ನಿಗೆ ಒಂದೊಂದು ಕಾಲೇಜೂ ಕೇಳುವ ಬೇರೆ ಬೇರೆ ಪ್ರಬಂಧಗಳು, ಅದೃಷ್ಟವಿದ್ದರೆ ಶರತ್ಕಾಲದಿಂದ ಚಳಿಗಾಲದವರೆಗೆ ಸಂದರ್ಶನಗಳು. ಅಕ್ಟೋಬರ್ 15ರ ಹೊತ್ತಿಗೆ ಮೊದಲ ಸೀಟುಗಳು ಹಂಚಿಕೆಯಾಗಲು ಶುರು. ಏಪ್ರಿಲ್ 30ರ ಹೊತ್ತಿಗೆ, ಒಂದಕ್ಕಿಂತ ಹೆಚ್ಚು ಸೀಟು ಹಿಡಿದುಕೊಂಡವರು ಒಂದನ್ನು ಉಳಿಸಿಕೊಂಡು ಮಿಕ್ಕವನ್ನು ಬಿಡಬೇಕು, ಆಗ ಕಾಯುವ ಪಟ್ಟಿಗಳು ಅಲುಗಾಡುತ್ತವೆ. 2023ರ ಸಾಲಿನಲ್ಲಿ ಸುಮಾರು 52 ಸಾವಿರ ಮಂದಿ ಅರ್ಜಿ ಹಾಕಿದ್ದರು, ಸೇರಿದವರು ಸುಮಾರು 23 ಸಾವಿರ. ಸಂದರ್ಶನ ಮಾಡಿದ ವೈದ್ಯರು ವರದಿ ಬರೆದು ಸಮಿತಿಗೆ ಕೊಡುತ್ತಾರೆ. ತೀರ್ಮಾನಿಸುವವರು ಹೆಚ್ಚಾಗಿ ನಿಮ್ಮ ಮುಖ ನೋಡಿಯೇ ಇರುವುದಿಲ್ಲ. ಮಗಳಿಗೆ ಮೂರು ಸಂದರ್ಶನ ಸಿಕ್ಕಿದ್ದವು. ಒಂದು ಕಡೆ ಡಿಸೆಂಬರಿನಲ್ಲಿ ಇಲ್ಲವೆಂದರು, ಇನ್ನೊಂದು ಕಡೆ ಫೆಬ್ರವರಿಯಲ್ಲಿ ಕಾಯುವ ಪಟ್ಟಿಗೆ ಹಾಕಿದರು, ಮೂರನೆಯದು ಈ ಮೇಲಿನ ವಾಕ್ಯ.

ಊರಿನಲ್ಲಿ ನಾವು ಕಂಡ ಕಾಯುವಿಕೆ ಬೇರೆ. ಸಿಇಟಿ ಮುಗಿದ ಮೇಲೆ ಕೀ ಆನ್ಸರ್ ಹಿಡಿದುಕೊಂಡು ಮನೆಮಂದಿಯೆಲ್ಲ ಕೂತು ಟಿಕ್ ಹಾಕುವುದು, ಭೌತಶಾಸ್ತ್ರದಲ್ಲಿ ಮೂರು ಹೋಯಿತು, ಜೀವಶಾಸ್ತ್ರ ಕೈ ಹಿಡಿಯಿತು ಎಂದು ಲೆಕ್ಕ ಹಾಕುವುದು. ಈಗ ನೀಟ್ ಬಂದ ಮೇಲೂ ಅದೇ. ಆ ಕಾಯುವಿಕೆ ಕ್ರೂರವಲ್ಲ ಎನ್ನುವುದಿಲ್ಲ. ಅದು ಮುರಿದ ಮಕ್ಕಳನ್ನು ನನ್ನ ತರಗತಿಯಲ್ಲೇ ನೋಡಿದ್ದೇನೆ. ಆದರೆ ಅಲ್ಲಿ ತೂಗುವುದು ನೀವು ಗುರುತು ಹಾಕಿದ ಉತ್ತರಗಳನ್ನು. ಸಂದರ್ಶನದಲ್ಲಿ ತೂಗುವುದು ನೀವು ನಿಮ್ಮ ಬಗ್ಗೆ ಹೇಳಿಕೊಂಡ ಕಥೆಯನ್ನು. ಕಥೆಗೆ ಕೀ ಆನ್ಸರ್ ಇಲ್ಲ, ಆದ್ದರಿಂದ ಕಾಯುವವರು ತಾವೇ ವಿಮರ್ಶಕರಾಗುತ್ತಾರೆ. 'ಆತ ನನ್ನ ಮಾತಿಗೆ ಹೂಂ ಎಂದರು ಅಮ್ಮಾ. ಅದು ಒಪ್ಪಿದ ಹೂಂ ಅಥವಾ ಸಾಕು ಎನ್ನುವ ಹೂಂ?' ಪಂಪನ ಒಂದು ಪದಕ್ಕೂ ನಾನು ಇಷ್ಟು ವ್ಯಾಖ್ಯಾನ ಮಾಡಿಲ್ಲ.

ಕನ್ನಡನಾಡಿಗೆ ಈ ಸಂದರ್ಶನ ಹೊಸದೇನೂ ಅಲ್ಲ ಎಂಬುದನ್ನು ಮರೆತಿದ್ದೇವೆ. 1960ರ ದಶಕದ ಮೈಸೂರು ರಾಜ್ಯದಲ್ಲಿ ಮೆಡಿಕಲ್ ಮತ್ತು ಎಂಜಿನಿಯರಿಂಗ್ ಸೀಟುಗಳಿಗೆ ಸಂದರ್ಶನವಿತ್ತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇಕಡ 25ರಷ್ಟನ್ನು ಅದಕ್ಕೆ ಇಟ್ಟಿದ್ದರು. ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್‌ಸಿಸಿ, ಆಟ, ನಾಟಕ, ಚರ್ಚಾಸ್ಪರ್ಧೆ ಎಲ್ಲಕ್ಕೂ ಅಂಕ. ಚಿತ್ರಲೇಖಾ ಎಂಬ ವಿದ್ಯಾರ್ಥಿನಿಯ ಹೆಸರಿನಲ್ಲಿ ಇದು ಸುಪ್ರೀಂ ಕೋರ್ಟಿಗೆ ಹೋಯಿತು, 1964ರಲ್ಲಿ ಕೋರ್ಟು ಸಂದರ್ಶನದ ಪದ್ಧತಿಯನ್ನು ಎತ್ತಿಹಿಡಿಯಿತು. ಅದೇ ಕೋರ್ಟು 1980ರಲ್ಲಿ, ಶ್ರೀನಗರದ ಎಂಜಿನಿಯರಿಂಗ್ ಕಾಲೇಜೊಂದರ ಪ್ರಕರಣದಲ್ಲಿ, ಎರಡು ಮೂರು ನಿಮಿಷದ ಮಾತುಕತೆಗೆ ಮೂರನೇ ಒಂದು ಭಾಗ ಅಂಕ ಕೊಡುವುದು ನಿರಂಕುಶ ಎಂದಿತು. ಮನುಷ್ಯನನ್ನು ಓದಲು ಎಷ್ಟು ನಿಮಿಷ ಬೇಕು ಎಂಬ ಪ್ರಶ್ನೆ ನ್ಯಾಯಾಧೀಶರ ಮುಂದೆ ಬರಬೇಕಾಯಿತು, ವಿಮರ್ಶಕರ ಮುಂದೆ ಬರಲಿಲ್ಲ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಈ ಶತಮಾನದ ಆರಂಭದಲ್ಲಿ ರೂಪಿಸಿದ, ಈಗ ಇಲ್ಲಿ ಅನೇಕ ಕಡೆ ನಡೆಯುವ ಕಿರುಸಂದರ್ಶನಗಳ ಸರಣಿಯೂ ಅದೇ ಪ್ರಶ್ನೆಗೆ ಒಂದು ಉತ್ತರ. ಕೋಣೆಯಿಂದ ಕೋಣೆಗೆ ಹೋಗುತ್ತ ಕೆಲವೇ ನಿಮಿಷಗಳಂತೆ ಬೇರೆ ಬೇರೆ ಜನರಿಗೆ ಉತ್ತರಿಸಬೇಕು, ಒಬ್ಬನ ರುಚಿ ಅಭಿರುಚಿಗೆ ಅಭ್ಯರ್ಥಿ ಬಲಿಯಾಗಬಾರದು ಎಂಬುದು ಅದರ ಲೆಕ್ಕ. ನ್ಯಾಯವಾದ ಲೆಕ್ಕವೇ. ಕಾಯುವವರಿಗೆ ಮಾತ್ರ ನೆನೆದು ಕೊರಗಲು ಒಂದು ಸಂದರ್ಶನದ ಬದಲು ಎಂಟು ಸಿಗುತ್ತವೆ.

ಇನ್ನು ಕಪಾಟಿನ ಪುಸ್ತಕಗಳು. ಕಾಯುವುದು ಎಂದ ಕೂಡಲೇ ಎಲ್ಲರ ಬಾಯಲ್ಲಿ ಬರುವುದು ಬೆಕೆಟ್‌ನ 'ವೇಟಿಂಗ್ ಫಾರ್ ಗೋಡೋ'. ಮಗಳ ಗೆಳೆಯರೂ ಅದನ್ನೇ ಹೇಳಿ ನಗುತ್ತಾರೆ. ಎರಡು ಅಂಕ, ಎರಡರ ಕೊನೆಯಲ್ಲೂ ಒಬ್ಬ ಹುಡುಗ ಬಂದು ಇವತ್ತು ಬರುವುದಿಲ್ಲ, ನಾಳೆ ಖಂಡಿತ ಎನ್ನುತ್ತಾನೆ. ಕಾಯುವ ಪಟ್ಟಿಯ ಪತ್ರಕ್ಕೆ ಇದು ಹೊಂದುತ್ತದೆ ಅನ್ನಿಸುತ್ತದೆ. ನನಗೆ ಒಪ್ಪಿಗೆಯಿಲ್ಲ. ಗೋಡೋ ಯಾರು, ಬಂದರೆ ಏನು ಕೊಡುತ್ತಾನೆ ಎಂಬುದು ಆ ಇಬ್ಬರಿಗೂ ಸರಿಯಾಗಿ ತಿಳಿಯದು. ಇಲ್ಲಿ ಕಾಯುವವರಿಗೆ ಎಲ್ಲ ತಿಳಿದಿದೆ. ದಿನಾಂಕ, ಸೀಟು, ಸಾಲದ ಮೊತ್ತ, ಬಿಳಿ ಕೋಟಿನ ಅಳತೆ ಕೂಡ. ತಿಳಿಯದಿರುವುದು ತಮ್ಮ ಬಗ್ಗೆ ಏನು ಹೇಳಿಕೊಂಡರು ಎಂಬುದು ಮಾತ್ರ. ಬೆಕೆಟ್‌ನ ನಾಟಕ ಅರ್ಥವಿಲ್ಲದ ಕಾಯುವಿಕೆಯ ನಾಟಕ, ಇದು ಅರ್ಥ ವಿಪರೀತವಾದ ಕಾಯುವಿಕೆ. ನಮ್ಮ ಕಾವ್ಯಮೀಮಾಂಸೆಯವರು ವಾಸಕಸಜ್ಜಿಕೆ, ವಿರಹೋತ್ಕಂಠಿತೆ ಎಂದು ಕಾಯುವವಳಿಗೆ ಎಷ್ಟು ಚಂದದ ಹೆಸರುಗಳನ್ನಿಟ್ಟರು! ಕಚೇರಿಯ ಕಾಗದಕ್ಕೆ ಕಾಯುವವರಿಗೆ ಹೆಸರಿಡಲಿಲ್ಲ. ಅವರ ಕಾಲದಲ್ಲಿ ಅಂಥವರಿದ್ದರೂ ಶೃಂಗಾರಕ್ಕೆ ಒದಗಿರಲಾರರು.

ಕಾಫ್ಕಾ ಹತ್ತಿರ ಬರುತ್ತಾನೆ. 1915ರಲ್ಲಿ ಪ್ರಕಟವಾಗಿ ಆಮೇಲೆ 'ದಿ ಟ್ರಯಲ್' ಕಾದಂಬರಿಯ ಒಳಗೂ ಸೇರಿದ ಆ ಪುಟ್ಟ ಕಥೆ ಬಹಳಷ್ಟು ಓದುಗರಿಗೆ ಗೊತ್ತು. ಹಳ್ಳಿಯಿಂದ ಬಂದವನೊಬ್ಬ ಕಾನೂನಿನ ಬಾಗಿಲ ಮುಂದೆ ಜೀವಮಾನವಿಡೀ ಕೂರುತ್ತಾನೆ, ಬಾಗಿಲು ಕಾಯುವವನು ಈಗ ಬಿಡಲಾಗದು ಎನ್ನುತ್ತಲೇ ಇರುತ್ತಾನೆ. ತರಗತಿಯಲ್ಲಿ ನಾವು ಇದನ್ನು ಅಧಿಕಾರದ ಕಥೆಯೆಂದು, ದೇವರ ಕಥೆಯೆಂದು ಹೇಳಿಕೊಡುತ್ತೇವೆ. ಈ ಸಲ ಓದಿದಾಗ ಎರಡು ಸಣ್ಣ ವಿವರಗಳು ಎದ್ದು ಕಂಡವು. ಹಳ್ಳಿಯವನು ತಂದ ಕಾಣಿಕೆಗಳನ್ನೆಲ್ಲ ಆ ಕಾವಲುಗಾರ ತೆಗೆದುಕೊಳ್ಳುತ್ತಾನೆ, ತಾನು ಏನೋ ಮಾಡದೆ ಬಿಟ್ಟೆ ಎಂಬ ಕೊರಗು ಇವನಿಗೆ ಉಳಿಯಬಾರದಲ್ಲ, ಅದಕ್ಕೆ ತೆಗೆದುಕೊಳ್ಳುತ್ತೇನೆ ಎಂಬ ಧಾಟಿಯಲ್ಲಿ. ಇಲ್ಲಿ ಕೆಲವು ಕಾಲೇಜುಗಳು ಸಂದರ್ಶನದ ನಂತರ ಅಭ್ಯರ್ಥಿಗಳಿಂದ ಹೊಸ ಪತ್ರಗಳನ್ನು ಸ್ವೀಕರಿಸುತ್ತವೆ. ಈ ತಿಂಗಳು ಇಂಥ ಕಡೆ ಸ್ವಯಂಸೇವೆ ಮಾಡಿದೆ, ನನ್ನ ಸಂಶೋಧನಾ ಲೇಖನ ಪ್ರಕಟವಾಯಿತು, ಸೀಟು ಕೊಟ್ಟರೆ ಖಂಡಿತ ನಿಮ್ಮಲ್ಲಿಗೇ ಬರುತ್ತೇನೆ ಎಂದೆಲ್ಲ ಬರೆಯುತ್ತಾರೆ. ಆ ಪತ್ರಗಳಿಂದ ಏನಾಗುತ್ತದೆ ಎಂದು ಕೇಳಿದರೆ, ಕಳಿಸಿದವರ ಮನಸ್ಸಿಗೆ ಸಮಾಧಾನವಾಗುತ್ತದೆ ಎಂಬುದೊಂದೇ ನನಗೆ ಕಂಡ ಉತ್ತರ. ಕಾಯುವ ಪಟ್ಟಿಗೆ ಹಾಕಿದ ಕಾಲೇಜಿಗೆ ಮಗಳು ಅಂಥ ಎರಡು ಪತ್ರ ಕಳಿಸಿದ್ದಾಳೆ. ಎರಡನ್ನೂ ನಾನು ತಿದ್ದಿದ್ದೇನೆ.

ಇನ್ನೊಂದು ವಿವರ ಚಿಗಟಗಳದ್ದು. ವರ್ಷಗಟ್ಟಲೆ ಕಾವಲುಗಾರನನ್ನೇ ದಿಟ್ಟಿಸಿ ಹಳ್ಳಿಯವನಿಗೆ ಅವನ ತುಪ್ಪಳದ ಕಾಲರಿನಲ್ಲಿರುವ ಚಿಗಟಗಳೂ ಪರಿಚಯವಾಗಿಬಿಡುತ್ತವೆ. ಜನವರಿಯ ಒಂದು ರಾತ್ರಿ ಮಗಳು ನನ್ನನ್ನು ಎಬ್ಬಿಸಿ, ಕಾಲೇಜಿನ ಪುಟದಲ್ಲಿ ಒಂದು ಗುಂಡಿಯ ಬಣ್ಣ ಬೂದಿಯಿಂದ ನೀಲಿಗೆ ತಿರುಗಿದೆ ಎಂದಳು. ನಾನು ಕನ್ನಡಕ ಹಾಕಿಕೊಂಡು ನೋಡಿದೆ. ನೀಲಿಯೋ ಬೂದಿಯೋ ಇಬ್ಬರೂ ಕಾಲು ಗಂಟೆ ಚರ್ಚಿಸಿದೆವು. ಬೆಳಿಗ್ಗೆ ನೋಡಿದರೆ ಎಲ್ಲ ಗುಂಡಿಗಳೂ ನೀಲಿಯಾಗಿದ್ದವು, ಯಾರೋ ಪುಟದ ವಿನ್ಯಾಸ ಬದಲಿಸಿದ್ದರು ಅಷ್ಟೆ. ಚಿಗಟವನ್ನು ಓದುವುದೆಂದರೆ ಇದು. ಪಠ್ಯವಲ್ಲದ್ದನ್ನು ಪಠ್ಯವೆಂದು ಓದುವ ಈ ರೋಗ ವಿಮರ್ಶೆ ಕಲಿತವರಿಗೆ ಬೇಗ ತಗಲುತ್ತದೆ. ಮೌನವೂ ಮಾತಾಡುತ್ತದೆ ಎಂದು ಎಷ್ಟು ಸೆಮಿನಾರುಗಳಲ್ಲಿ ಹೇಳಿಲ್ಲ ನಾವು! ಸಮಿತಿ ಇನ್ನೂ ಸೇರಿಲ್ಲ ಎಂಬುದು ಮೌನವಲ್ಲ, ಸಮಿತಿ ಸೇರಿಲ್ಲ ಎಂಬುದು ಅಷ್ಟೆ.

ಡಾಕ್ಟರರು ಬರೆದ ಪುಸ್ತಕಗಳಲ್ಲಿ ಇದು ಸಿಗಬೇಕಿತ್ತು. ಮಗಳ ತಲೆಮಾರಿನವರೆಲ್ಲ ಓದುವ ಪಾಲ್ ಕಲಾನಿಧಿಯ 'ವೆನ್ ಬ್ರೆತ್ ಬಿಕಮ್ಸ್ ಏರ್' ತೆಗೆದು ನೋಡಿದೆ. 2016ರಲ್ಲಿ, ಆತ ತೀರಿಕೊಂಡ ಮರುವರ್ಷ ಬಂದ ಪುಸ್ತಕ. ಇಂಗ್ಲಿಷ್ ಸಾಹಿತ್ಯ ಓದಿದವನು ವೈದ್ಯಕೀಯಕ್ಕೆ ತಿರುಗಿದ ಕಥೆಯಾದ್ದರಿಂದ ನನಗೂ ಪ್ರೀತಿ. ಆದರೆ ಅರ್ಜಿ ಹಾಕಿ ಕಾಯುವ ಅವಧಿ ಅಲ್ಲಿ ಸರ್ರನೆ ದಾಟಿಹೋಗುತ್ತದೆ. ಅವನು ಆ ಬಿಡುವಿನಲ್ಲಿ ಕೇಂಬ್ರಿಜ್‌ಗೆ ಹೋಗಿ ವಿಜ್ಞಾನದ ಇತಿಹಾಸ, ತತ್ತ್ವಶಾಸ್ತ್ರ ಓದುತ್ತಾನೆ, ಆಮೇಲೆ ಯೇಲ್ ವೈದ್ಯಕೀಯ ಶಾಲೆ. ತಪ್ಪಲ್ಲ, ಅವನು ಬರೆಯುತ್ತಿದ್ದದ್ದು ಬಹಳ ದೊಡ್ಡ ಇನ್ನೊಂದು ಕಾಯುವಿಕೆಯ ಬಗ್ಗೆ. ಆದರೂ ಒಂದು ಅನುಮಾನ. ಈ ಪ್ರಕಾರದ ಆತ್ಮಕಥೆಗಳನ್ನೆಲ್ಲ ಬರೆದವರು ಬಾಗಿಲು ದಾಟಿದವರೇ. ದಾಟಿದವರ ನೆನಪಿನಲ್ಲಿ ಕಾಯುವಿಕೆ ಒಂದು ಪ್ಯಾರಾಗ್ರಾಫು, ದಾಟದವರು ಪುಸ್ತಕ ಬರೆಯುವುದಿಲ್ಲ.

ಕನ್ನಡದಲ್ಲಿ ದಾಟದವನ ಕಥೆ ಒಂದಿದೆ. ಮಾರ್ಚಿಯ ಒಂದು ಭಾನುವಾರ, ಪುಟ ತೆಗೆದು ನೋಡುವುದನ್ನು ಒಂದು ಸಂಜೆಯಾದರೂ ನಿಲ್ಲಿಸೋಣ ಎಂದು ನಾನೇ ಒತ್ತಾಯ ಮಾಡಿ 'ತಬರನ ಕಥೆ' ಹಾಕಿದೆ. ತೇಜಸ್ವಿಯವರ ಕಥೆ 'ಅಬಚೂರಿನ ಪೋಸ್ಟಾಫೀಸು' ಸಂಕಲನದಲ್ಲಿದೆ, ಕಾಸರವಳ್ಳಿಯವರ ಚಿತ್ರ 1986ರದ್ದು, ತಬರನಾಗಿ ಚಾರುಹಾಸನ್. ಕಾಗದಕ್ಕಾಗಿ ಅಲೆಯುವ ತಬರ ಮತ್ತು ಕಾಗದಗಳ ಲೋಕಕ್ಕೆ ಸಿಕ್ಕಿಬಿದ್ದ ಬೋಬಣ್ಣ ಒಂದೇ ಪುಸ್ತಕದ ರಟ್ಟುಗಳ ನಡುವೆ ಇರುವುದು ನನಗೆ ಯಾವಾಗಲೂ ಸೋಜಿಗ. ನಿವೃತ್ತನಾದ ತಬರ ಪಿಂಚಣಿಗಾಗಿ ಮೇಜಿನಿಂದ ಮೇಜಿಗೆ ಅಲೆಯುತ್ತಾನೆ. ಸಕ್ಕರೆ ಕಾಯಿಲೆಯ ಹೆಂಡತಿಗೆ ಕಾಲಿನ ಗಾಯ ಕೊಳೆಯುತ್ತದೆ. ಹಣ ಮಂಜೂರಾಗುವ ಹೊತ್ತಿಗೆ ಹೆಂಡತಿ ಇಲ್ಲ.

ನಾನು ಪ್ರತಿಸಲ ಈ ಚಿತ್ರ ನೋಡಿದಾಗಲೂ ಕಚೇರಿಯನ್ನು ನೋಡುತ್ತಿದ್ದೆ. ಕಡತಗಳು, ಗುಮಾಸ್ತರು, ಅವರ ಭಾಷೆ. ಸರ್ಕಾರಿ ಕನ್ನಡದ ಜೀವಾಳವೇ 'ಲಾಗಿದೆ' ಎಂಬ ಪ್ರತ್ಯಯ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಆದೇಶಿಸಲಾಗಿದೆ, ತಿಳಿಸಲಾಗಿದೆ, ತಿರಸ್ಕರಿಸಲಾಗಿದೆ. ಕರ್ಮಣಿ ಪ್ರಯೋಗ ಮಾತಿನ ಕನ್ನಡಕ್ಕೆ ಒಗ್ಗದು, 'ರಾಮನಿಂದ ಹಣ್ಣು ತಿನ್ನಲ್ಪಟ್ಟಿತು' ಎಂದು ಯಾರೂ ಅನ್ನುವುದಿಲ್ಲ, ಆದರೆ ಕಚೇರಿ ತನಗೆ ಬೇಕಾದ ಉಪಾಯ ಕಂಡುಕೊಂಡಿತು. ಮಾಡಿದವನ ಹೆಸರೇ ಇಲ್ಲದೆ ಕೆಲಸ ತಾನಾಗಿ ಆಗಿಬಿಡುವ ಕ್ರಿಯಾಪದ ಅದು. ಮಗಳ ಪರದೆಯ ಮೇಲಿನ ಇಂಗ್ಲಿಷ್ ವಾಕ್ಯ ಎಷ್ಟೇ ವಿನಯದ್ದಾದರೂ ಅದೇ ಕುಲದ್ದು. ಡಿಸೆಂಬರಿನ ನಿರಾಕರಣೆಯ ಪತ್ರದಲ್ಲೂ ಸಮಿತಿ ಎಂಬ ಪದ ಒಮ್ಮೆ ಬಂದು, ಮುಂದಿನ ವಾಕ್ಯದಲ್ಲೇ ಮರೆಯಾಗಿತ್ತು. ಇದನ್ನೆಲ್ಲ ಉತ್ಸಾಹದಿಂದ ವಿವರಿಸುತ್ತಿದ್ದೆ.

ಮಗಳು ಕಚೇರಿಯನ್ನು ನೋಡುತ್ತಿರಲಿಲ್ಲ. ತಬರನ ಹೆಂಡತಿಯ ಕಾಲನ್ನು ನೋಡುತ್ತಿದ್ದಳು. ಚಿತ್ರ ನಿಲ್ಲಿಸಿ, 'ಇಲ್ಲಿ ಕಾಯುತ್ತಿರುವುದು ಇವನಲ್ಲ ಅಮ್ಮಾ, ಇವಳು' ಎಂದಳು. ತಬರ ಓಡಾಡುತ್ತಾನೆ, ಬೇಡುತ್ತಾನೆ, ಕೊನೆಗೆ ಬಯ್ಯುತ್ತಾನೆ. ಕಾಯುವ ಕೆಲಸ ಮನೆಯಲ್ಲಿ ಮಲಗಿದವಳದ್ದು. ಚಿತ್ರಕ್ಕೆ ಅವನ ಹೆಸರಿದೆ. ಈ ಮಾತನ್ನು ನಾನು ಯಾವ ವಿಮರ್ಶೆಯಲ್ಲೂ ಓದಿರಲಿಲ್ಲ, ಬರೆದೂ ಇರಲಿಲ್ಲ. ಚಿತ್ರದ ಮೇಲೆ ಇದು ಆಕ್ಷೇಪವೋ, ಚಿತ್ರವೇ ನಮ್ಮಿಂದ ಮಾಡಿಸುವ ಓದೋ ಎಂದು ಇನ್ನೂ ಯೋಚಿಸುತ್ತಿದ್ದೇನೆ. ಎರಡನೆಯದಿರಬಹುದು, ಕಾಸರವಳ್ಳಿಯವರ ಕ್ಯಾಮೆರಾ ಆ ಮನೆಗೆ ಮತ್ತೆ ಮತ್ತೆ ಹಿಂದಿರುಗುತ್ತದೆ.

ಅವಳು ಹಾಗೆಂದದ್ದಕ್ಕೆ ಕಾರಣವಿತ್ತು. ಅವಳ ಅರ್ಜಿಯ ಮುಖ್ಯ ಪ್ರಬಂಧ ನನ್ನ ತಾಯಿಯ ಕಾಲಿನ ಬಗ್ಗೆ. ಆರು ವರ್ಷದ ಹಿಂದೆ, ಶಿವಮೊಗ್ಗದಲ್ಲಿ, ಸಕ್ಕರೆ ಕಾಯಿಲೆಯಿಂದ ಅಮ್ಮನ ಬಲಗಾಲು ಮೊಣಕಾಲಿನ ಕೆಳಗೆ ಹೋಯಿತು. ಆಗ ಹೈಸ್ಕೂಲಿನಲ್ಲಿದ್ದ ಮಗಳು ಅದನ್ನು ಫೋನಿನಲ್ಲಿ ಕೇಳಿದ್ದಳು, ನೋಡಿರಲಿಲ್ಲ. ಪ್ರಬಂಧಕ್ಕೆ ಇಲ್ಲಿ 5,300 ಅಕ್ಷರಗಳ ಮಿತಿ, ಖಾಲಿ ಜಾಗವನ್ನೂ ಎಣಿಸುತ್ತಾರೆ. ಅವಳ ಕರಡಿನಲ್ಲಿ 'ಮಾವಂದಿರು ಅಮ್ಮ ಅಮೆರಿಕದಿಂದ ಬರಲಿ ಎಂದು ಕಾದರು' ಎಂದಿತ್ತು. ಅದು ನಿಜ. ಬೆರಳನ್ನು ತೆಗೆಯಬೇಕು ಎಂದು ಡಾಕ್ಟರು ಹೇಳಿದಾಗ ನನ್ನ ತಮ್ಮಂದಿರು ಅಕ್ಕ ಬರಲಿ ಎಂದರು. ನಾನು ಟಿಕೆಟ್ ಹುಡುಕಿ, ರಜೆ ಹೊಂದಿಸಿ, ಬೆಂಗಳೂರಿನಲ್ಲಿ ಇಳಿದು ಶಿವಮೊಗ್ಗ ತಲುಪುವಾಗ ನಾಲ್ಕು ದಿನ ಕಳೆದಿತ್ತು. ಆಗ ಮಾತು ಬೆರಳಿನದ್ದಾಗಿ ಉಳಿದಿರಲಿಲ್ಲ. ಕರಡು ಮಿತಿ ಮೀರಿತ್ತು, ನಾನು ಆ ಸಾಲನ್ನು ಹೊಡೆದು ಇಂಗ್ಲಿಷಿನಲ್ಲಿ ಇನ್ನೊಂದು ಬರೆಸಿದೆ: ಸಕಾಲದಲ್ಲಿ ಚಿಕಿತ್ಸೆ ದೊರೆಯದೆ ಅಜ್ಜಿಯ ಕಾಲನ್ನು ಕತ್ತರಿಸಲಾಯಿತು. ಅಕ್ಷರ ಉಳಿಯುತ್ತದೆ ಎಂದೆ. ಉಳಿಯಿತು.

ಪ್ರಬಂಧ ಆ ಸಾಲಿನಿಂದ ಹಳ್ಳಿಗಾಡಿನ ಆರೋಗ್ಯ ವ್ಯವಸ್ಥೆಯ ಕಡೆ ಸಲೀಸಾಗಿ ತಿರುಗುತ್ತಿತ್ತು. ನವೆಂಬರಿನ ಸಂದರ್ಶನದಲ್ಲಿ ವಯಸ್ಸಾದ ವೈದ್ಯರೊಬ್ಬರು ಆ ಸಾಲಿನ ಮೇಲೆಯೇ ಬೆರಳಿಟ್ಟು, ಕಾಲು ತೆಗೆಯೋಣ ಎಂದು ನಿರ್ಧರಿಸಿದವರು ಯಾರು, ನಿಮ್ಮ ಅಜ್ಜಿ ಏನೆಂದರು ಎಂದು ಕೇಳಿದರು. ಮಗಳು ಗೊತ್ತಿಲ್ಲ ಎಂದಳು. ಆಮೇಲೆ ಎರಡು ನಿಮಿಷ ಗ್ರಾಮೀಣ ಆರೋಗ್ಯದ ಬಗ್ಗೆ ಮಾತಾಡಿದಳು. ಅವರು ಹೂಂ ಎಂದರು. ನಾವು ಐದು ತಿಂಗಳು ವ್ಯಾಖ್ಯಾನಿಸಿದ್ದು ಆ ಹೂಂ ಅನ್ನು, ಪ್ರಶ್ನೆಯನ್ನಲ್ಲ. ಇಷ್ಟು ದಿನ ಗುಂಡಿಯ ಬಣ್ಣ ಓದಿದವರು ನಮ್ಮದೇ 'ಲಾಯಿತು' ಓದಲಿಲ್ಲ. ಕಾಲೇಜಿನ ವಾಕ್ಯದಲ್ಲಿ ಕರ್ತೃ ಕಾಣೆಯಾದದ್ದಕ್ಕೆ ಅಷ್ಟೊಂದು ವಿಮರ್ಶೆ ಮಾಡಿದ ನಾನು, ನನ್ನ ತಾಯಿಯ ವಾಕ್ಯದಿಂದ ಕರ್ತೃವನ್ನು ನಾನೇ ಎತ್ತಿ ಹೊರಗಿಟ್ಟಿದ್ದೆ.

ಸಿನಿಮಾ ಮುಗಿದಾಗ ಇಲ್ಲಿ ರಾತ್ರಿ ಒಂಬತ್ತೂವರೆ, ಊರಿನಲ್ಲಿ ಬೆಳಿಗ್ಗೆ ಏಳು. ಮಗಳು ನನ್ನನ್ನು ಕೇಳದೆಯೇ ಅಜ್ಜಿಗೆ ಫೋನು ಮಾಡಿದಳು. ಅಮ್ಮ ಗಾಲಿಕುರ್ಚಿಯಲ್ಲಿ ಕೂತು ಹೂವು ಬಿಡಿಸುತ್ತಿದ್ದಳಂತೆ. ಅವಳ ಕನ್ನಡ ಇವಳಿಗೆ ಪೂರ್ತಿ ಅರ್ಥವಾಗದು, ನಾನು ಪಕ್ಕದಲ್ಲಿ ಕೂತೆ. ಕಾಲು ತೆಗೆಯೋಕೆ ಯಾರು ಹೇಳಿದ್ದು ಅಜ್ಜಿ ಎಂದು ಕೇಳಿದಳು.

'ಯಾರೂ ಹೇಳಿಲ್ಲ, ನಾನೇ ಹೇಳ್ದೆ. ನಿಮ್ಮಮ್ಮ ಬಂದು ಅಳ್ತಾ ಕೂತ್ಲು, ನಿಮ್ಮ ಮಾವಂದ್ರು ಒಬ್ರ ಮುಖ ಒಬ್ರು ನೋಡ್ತಿದ್ರು. ಡಾಕ್ಟರ್ನ ಕರ್ದು ತೆಗೀರಿ ಅಂದೆ. ಮೊದ್ಲೇ ಕೇಳಿದ್ರೆ ಬೆರಳಿಗೇ ಹೇಳ್ತಿದ್ದೆ. ಯಾರೂ ಕೇಳ್ಲಿಲ್ಲ.'

ನಾಲ್ಕು ದಿನ ಏನು ಮಾಡ್ತಿದ್ದೆ ಎಂದು ಇವಳು ಮುಂದುವರಿಸಿದಳು. ನಾನು ಬೇಡವೆಂದು ಕೈಸನ್ನೆ ಮಾಡಿದ್ದು ಅವಳಿಗೆ ಕಂಡಿತ್ತು.

'ಇನ್ನೇನು, ಎದುರಿನ ಮಂಚದವಳ ಜೊತೆ ಮಾತಾಡ್ತಿದ್ದೆ. ಅವಳಿಗೂ ಮಗ ಬರೋದಿತ್ತು, ದುಬೈಯಿಂದ.' ಸ್ವಲ್ಪ ಹೊತ್ತು ಬಿಟ್ಟು, 'ನಿನ್ನ ಕಾಗದ ಬಂತಾ?' ಎಂದಳು.

ಇಲ್ಲ ಅಜ್ಜಿ ಎಂದಳು ಮಗಳು.

ಆ ರಾತ್ರಿ ಅವಳು ಪ್ರಬಂಧದ ಆ ಪ್ಯಾರಾ ಹೊಸದಾಗಿ ಬರೆದಳು, ನನಗೆ ತಿದ್ದಲು ಕೊಡಲಿಲ್ಲ. ಮರುದಿನ ಮೂರನೇ ಕಾಲೇಜಿನ ನಿಯಮ ತೆಗೆದು ನೋಡಿದಳು. ಸಂದರ್ಶನದ ನಂತರ ಅಭ್ಯರ್ಥಿಗಳಿಂದ ಯಾವುದೇ ಹೊಸ ಪತ್ರಗಳನ್ನು ಸ್ವೀಕರಿಸಲಾಗುವುದಿಲ್ಲ ಎಂದಿತ್ತು. ಕಡತವನ್ನು ಅಜ್ಜಿಯ ಹೆಸರಿನಲ್ಲಿ ಉಳಿಸಿಟ್ಟು ಲ್ಯಾಪ್‌ಟಾಪ್ ಮುಚ್ಚಿದಳು. ಏಪ್ರಿಲ್ 30ಕ್ಕೆ ಇನ್ನು ಹನ್ನೊಂದು ದಿನ.